ಹಿಂಬರಹ

ಯಶವಂತಿ ಸುವರ್ಣ, ತೋಟ ಬೆಂಗ್ರೆ.
ಬೆಳಗಿನ ದೋಣಿಯಲ್ಲಿ ಹೊಳೆ ದಾಟಿ
ಬಂದರಿನ ಮೀನುಬುಟ್ಟಿಗಳ ನಡುವೆ
ಫೈಲನ್ನು ಎದೆಗೊತ್ತಿಕೊಂಡು ಬಂದವಳು.
ಪ್ಲಾಸ್ಟಿಕ್ ಕವರಿನ ಮೇಲೊಂದು ಬೆಳ್ಳಿ ಚೂರು,
ಬಹುಶಃ ಬಂಗುಡೆಯ ಹುರುಪೆ.
ಉಗುರಿನಿಂದ ಕೆರೆದು ತೆಗೆದು, ಆಮೇಲೆ ನನ್ನ ಮುಂದಿಟ್ಟಳು.

ಒಂದೊಂದೇ ಮಗುಚಿದೆ.
ಹತ್ತನೇ ತರಗತಿ, ಸರಿ.
ಪದವಿ, ಸರಿ.
ಜಾತಿ, ಆದಾಯ: ನಾಡಕಚೇರಿಯ ಸರ್ವರ್ ಆ ವಾರ ಜೀವದಲ್ಲಿತ್ತು, ಸರಿ.
ಕನ್ನಡ ಮಾಧ್ಯಮ: ಮೊಹರು ತಲೆಕೆಳಗೆ ಬಿದ್ದಿದೆ, ಇರಲಿ.
ಬಿ.ಎಡ್. ಅಂಕಪಟ್ಟಿ.

ಬೆರಳು ಅಲ್ಲಿ ನಿಂತಿತು.
ಅರ್ಜಿಗೆ ಕೊನೆಯ ದಿನ ಮಾರ್ಚ್ ಇಪ್ಪತ್ತೊಂದು.
ಅಂಕಪಟ್ಟಿಯ ಬುಡದಲ್ಲಿ, ರುಜುವಿನ ಎಡಕ್ಕೆ, ಏಪ್ರಿಲ್ ಎರಡು.

"ಫಲಿತಾಂಶ ಮಾರ್ಚ್ ಎಂಟಕ್ಕೇ ಬಂದಿದೆ ಸರ್.
ಅಚ್ಚು ಹಾಕುವಾಗ ಹಾಲೋಗ್ರಾಂ ಕಾಗದ ಮುಗಿಯಿತಂತೆ.
ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಹಾಕಿದ್ದಾರೆ, ಟಿ ವರೆಗೆ ಸಾಕಾಯಿತು.
ನನ್ನದು ವೈ.
ನನ್ನದೇ ಬೆಂಚಿನ ಅಪೊಲಿನ್ ಪಿರೇರಾಳಿಗೆ
ಹದಿನೆಂಟಕ್ಕೇ ಸಿಕ್ಕಿದೆ."

ಕಾಗದ ಮುಗಿದದ್ದಕ್ಕೆ ಕಾಗದದಲ್ಲಿ ಪುರಾವೆ ಇಲ್ಲ.
ಸುತ್ತೋಲೆಯ ಹನ್ನೊಂದನೇ ಕಂಡಿಕೆ ಹೇಳುತ್ತದೆ
ನೀಡಿದ ದಿನಾಂಕವನ್ನೇ ಪರಿಗಣಿಸತಕ್ಕದ್ದು.
ಕಲಿತದ್ದು ಯಾವಾಗ ಎಂದು ಕೇಳುವ ಕಾಲಂ
ನಮ್ಮ ನಮೂನೆಯಲ್ಲಿ ಇಲ್ಲ.

ಹೇಳಬೇಕೆಂದಿರಲಿಲ್ಲ, ಹೇಳುತ್ತೇನೆ:
ನಾನು ಮೋನಪ್ಪ ಗಟ್ಟಿ, ಪ್ರಥಮ ದರ್ಜೆ ಸಹಾಯಕ,
ಹುಟ್ಟಿದ್ದು ಆಟಿಯಲ್ಲಿ, ಅಮಾಸೆಯ ಮಾರನೇ ದಿನ;
ಪಾಲೆಕೆತ್ತೆಯ ಕಷಾಯದ ಕಹಿ ಇನ್ನೂ ಅಮ್ಮನ ನಾಲಗೆಯಲ್ಲಿತ್ತಂತೆ.
ಒಂದನೇ ಕ್ಲಾಸಿಗೆ ಸೇರಲು ಎರಡು ತಿಂಗಳು ಕಮ್ಮಿ.
ಕೊರಗಪ್ಪ ಮಾಸ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ತಂದು
ಎಡಕಿವಿಗೆ ಮುಟ್ಟಿಸಿ ನೋಡಿದರು. ಮುಟ್ಟಲಿಲ್ಲ.
ಕುತ್ತಿಗೆಯನ್ನು ಮೆಲ್ಲ ಓರೆ ಮಾಡಿದರು. ಮುಟ್ಟಿತು.
ಶಾಯಿಯಲ್ಲದ್ದಿ ಬರೆದರು: ಜೂನ್ ಒಂದು.

ನಮ್ಮ ಕಚೇರಿಯಲ್ಲೇ ಏಳು ಮಂದಿ ಜೂನ್ ಒಂದು.
ಈ ಮೇ ಮೂವತ್ತೊಂದಕ್ಕೆ ನಮ್ಮಲ್ಲಿ ಮೂವರಿಗೆ
ಹಂಪನಕಟ್ಟೆಯ ಒಂದೇ ಅಂಗಡಿಯಿಂದ ಹಾರ, ಒಂದೇ ಭಾಷಣ,
ಹೆಸರು ಮಾತ್ರ ಬದಲಿಸಿ.
ಒಂದು ಸುಳ್ಳು ತಾರೀಕಿನ ಮೇಲೆ ಕೂತು
ಮೂವತ್ತಾರು ವರ್ಷ ಊರವರ ತಾರೀಕು ನೋಡಿದ್ದೇನೆ.

ಅವಳ ಹಿಂದೆ ಸಾಲಿನಲ್ಲಿ ಇನ್ನೂ ಹದಿನೇಳು ಕುತ್ತಿಗೆ.
ನನ್ನ ಪಿಂಚಣಿಯ ಕಡತ ಮೇಲಕ್ಕೆ ಹೋಗಿದೆ, ಮಂಜೂರಾಗಿ ಬಂದಿಲ್ಲ.
ಯಾವ ಕಾರಣಕ್ಕೆಂದು ನನ್ನನ್ನು ಕೇಳಬೇಡಿ,
ಹಿಂಬರಹ ಬರೆದೆ:

"ನಿಗಧಿತ ದಿನಾಂಕದೊಳಗೆ ವಿದ್ಯಾರ್ಹತೆ ಹೊಂದಿರದ ಕಾರಣ"

ಮೇಜಿನ ಆಚೆಯಿಂದ ಅವಳು ತಲೆಕೆಳಗಾಗಿ ಓದುತ್ತಿದ್ದಳು,
ಸಂಜೆ ಜಗಲಿಯಲ್ಲಿ ಮಕ್ಕಳನ್ನು ಎದುರು ಕೂರಿಸಿಕೊಂಡು
ಸ್ಲೇಟು ಓದಿ ರೂಢಿಯಾದವರ ಹಾಗೆ.

"ಸರ್, ನಿಗದಿತ.
ಆ ದಕಾರಕ್ಕೆ ಹೊಟ್ಟೆ ಸೀಳಬಾರದು."

ಮೂವತ್ತಾರು ವರ್ಷ!
ಎಷ್ಟು ಸಾವಿರ ಸೀಳಿರಬಹುದು ನಾನು.
ಯಾರೂ ಹೇಳಿರಲಿಲ್ಲ. ಈ ಕಾಗದ ಹಿಡಿದವರು
ಬಯ್ಯುತ್ತಾರೆ, ಇಲ್ಲವೇ ಶಾಸಕರಿಂದ ಫೋನು ಮಾಡಿಸುತ್ತಾರೆ,
ಒಬ್ಬಳು ಇದೇ ಕುರ್ಚಿಯ ಕೈ ಹಿಡಿದು ಅತ್ತಿದ್ದಳು.
ಕಾಗುಣಿತ ನೋಡುವಷ್ಟು ವ್ಯವಧಾನ ಯಾರಿಗೆ?

ಹೊಸ ಹಾಳೆ ತೆಗೆದೆ.
ಒಂದೂ ತಪ್ಪಿಲ್ಲದೆ ಬರೆದೆ
ಅವಳು ಅನರ್ಹಳೆಂದು.

ಓದಿದಳು. "ಈಗ ಸರಿ" ಅಂದಳು.
ಪ್ರತಿ ಮುಟ್ಟಿದ್ದಕ್ಕೆ ಸಹಿ ಹಾಕಿ, ನನ್ನ ಪೆನ್ನಿಗೆ ಮುಚ್ಚಳ ಹಾಕಿಟ್ಟು ಎದ್ದಳು.
ಹನ್ನೆರಡೂವರೆಯ ದೋಣಿ ಇದೆಯಂತೆ,
ಓಡಿ ಬರುವವರು ಕಂಡರೆ ಸ್ವಲ್ಪ ನಿಲ್ಲಿಸುತ್ತಾರಂತೆ.

ಹಳೆಯ ಹಾಳೆ ನನ್ನಲ್ಲೇ ಉಳಿಯಿತು.
ಊಟದ ಹೊತ್ತಿನಲ್ಲಿ ಬುತ್ತಿ ಸರಿಸಿ
ಅದರ ಹಿಂಬದಿಯಲ್ಲಿ ಬರೆದೆ
ನಿಗದಿತ
ನಿಗದಿತ
ನಿಗದಿತ
ಎಂಟನೇ ಸಲಕ್ಕೆ ಕೈ
ತನ್ನಷ್ಟಕ್ಕೆ ಮತ್ತೆ ಸೀಳಿತು.