ಹಟ್ಟಿ ಕಾಲನಿಯಲ್ಲಿ ಕಹಿ ಆರಿಸುವುದು

ಕೊರಿಯರ್ ಹುಡುಗ ಪೊಟ್ಟಣ ಅಲುಗಾಡಿಸಿ ಕೇಳಿದ:
‘ಇದೇನ್ರೀ ಸರ, ಕೋಳಿ ಫೀಡಾ?’
ಒಣಗಿಸಿ ಒತ್ತಿದ ಹೂವು, ಹಸಿರು ಕಾಳು ಕಾಳು.
ಹೌದು ಅಂದೆ. ನಮ್ಮ ಕ್ವಾರ್ಟರ್ಸಿನಲ್ಲಿ
ಕೋಳಿ ಸಾಕುವುದು ಸುಲಭದ ಸುಳ್ಳು.

ನಾಲ್ಕು ಪೊಟ್ಟಣ. ಫ್ರೀಜರಿನ ಬಟಾಣಿ ಪಕ್ಕ ಮಲಗಿದ್ದವನ್ನು
ರವಿವಾರ, ಎರಡನೇ ಪಾಳಿಯ ಸೈರನ್ ಆದಮೇಲೆ,
ಸ್ಟೀಲ್ ತಾಟಿಗೆ ಸುರಿದು ಮೂಸಿದೆ.
ಸಾಜ್: ಬದುವಿನ ಹುಲ್ಲು, ಹಿಂದೆ ಚೂರು ಮೆಣಸು.
ತಿಳಿ ಪಿಲ್ಸ್‌ನರಿಗೆ ಇದೇ ಸೈ, ಆದರೆ ಅದಕ್ಕೆ ಚಳಿ ಬೇಕು,
ಇಲ್ಲಿ ಏಪ್ರಿಲ್, ನಲವತ್ತೆರಡು. ಕಟ್ಟಿ ಒಳಗಿಟ್ಟೆ.
ಫಗಲ್: ತೊಯ್ದ ಗೋಣಿ, ಡಬ್ಬಿಯ ತಳದ ಚಹಾಪುಡಿ.
ಕರಿ ಸ್ಟೌಟಿನ ಜೊತೆ ಸುಮ್ಮನೆ ಕೂರಬಲ್ಲದು.
ಸಿಟ್ರಾ: ಲಿಂಗಸೂಗೂರು ಬಸ್ಸಿನಲ್ಲಿ ಯಾರೋ ಸುಲಿದ ಮೋಸಂಬಿ.
ನಾಲ್ಕನೆಯದರ ಹೆಸರು ನೀರು ತಾಗಿ ಅಳಿಸಿತ್ತು.

ಅವ್ವ ಕೈ ಚಾಚಿದಳು.
ಅವಳಪ್ಪ ಈಚಲು ಹತ್ತುತ್ತಿದ್ದವ,
ಮರಕ್ಕೊಂದು ಹೆಸರಿಟ್ಟಿದ್ದನಂತೆ.
ಹಳ್ಳದ ಬದಿಯ ಕುಂಟಿ, ಹಲ್ಲಿಲ್ಲದವರಿಗೆ, ನಸುಕಿನಲ್ಲಿ.
ಕಲ್ಲುಗುಡ್ಡದ ಸಾಲಗಾರ, ಗಣಿಯಿಂದ ಮೇಲೆ ಬಂದವರಿಗೆ.
ಮೂಲೆಯ ಸೊಸಿ ಬಲು ಹುಳಿ;
ಅದನ್ನು ಯಾರಿಗೂ ಮಾರಲಿಲ್ಲ, ತಾನೇ ಕುಡಿದ.

ಅಂಗೈಯಲ್ಲಿ ಎರಡು ಕಾಳು ತಿಕ್ಕಿ ಮೂಗಿಗೆ ಹಿಡಿದು
‘ಇದು ಬೆಕ್ಕು ಉಚ್ಚಿ ಹೊಯ್ದ ಮಾವಿನಕಾಯಿ’ ಅಂದಳು.
ತಡೆದು, ‘ಚಲೋ ಐತಿ. ಇದನ್ನ ಹಾಕು.’

ಲ್ಯಾಬಿನಲ್ಲಿ ಮಿಲಿಗ್ರಾಂ ಬಂಗಾರ ತೂಗುವ ಕೈ
ಹನ್ನೆರಡು ಗ್ರಾಂ ಹೂವಿಗೆ ನಡುಗಿತು.
ಕುದಿಯ ಮೊದಲಿಗೆ ಹಾಕಿದ್ದರ ವಾಸನೆ ಹಾರುತ್ತದೆ,
ಕಹಿ ಮಾತ್ರ ನಿಲ್ಲುತ್ತದೆ, ಅವ್ವಾ,
ಕಡೆಯ ಐದು ನಿಮಿಷಕ್ಕೆ ಬಂದದ್ದು
ಕಹಿಯಾಗುವ ಮೊದಲೇ ಇಳಿದು ಘಮ್ಮೆನ್ನುತ್ತದೆ.
‘ಹಂಗಾರ ನಿಮ್ಮಪ್ಪನ್ನ ಮೊದಲಿಗೇ ಹಾಕಿದ್ರು’
ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು,
ಬೆವರೋ ನಗೆಯೋ, ಹಬೆಯಲ್ಲಿ ಕಾಣಲಿಲ್ಲ.

ಬಚ್ಚಲಿನಲ್ಲೀಗ ಬಕೀಟು, ಅದಕ್ಕೆ ಒದ್ದೆ ಗೋಣಿ.
ಸ್ನಾನಕ್ಕೆ ಎಲ್ಲರೂ ಹಿತ್ತಲಿಗೆ.
ಮೂರನೇ ರಾತ್ರಿ ಕರೆಂಟು ಹೋದಾಗ
ಬುಳಕ್ ಎಂದಿತು. ಮತ್ತೆ, ಬುಳಕ್.
ಕತ್ತಲಲ್ಲಿ ಅವ್ವ ಮಗ್ಗುಲಾಗಿ ಕೇಳಿದಳು:
‘ಯಾವ ಮರ ಅದು?’