ಹಳೇ ಹುಂಜದ ಲೆಕ್ಕ

ಕೊಡ್ಕಣಿಯ ಮಾಸ್ತರು ಮೊದಲ ದೋಣಿಗೇ ಬಂದಿದ್ದಾರೆ,
ಕೈಚೀಲದಲ್ಲಿ ಭತ್ತದ ಹೊಟ್ಟು,
ಜೇಬಿನಲ್ಲಿ ಹದಿಮೂರು ತತ್ತಿಯ ದುಡ್ಡು.
ಮನೆಯಲ್ಲಿ ಹೇಂಟೆ ಕಾವಿಗೆ ಕೂತಿದೆಯಂತೆ,
ಬಿಳಿ ಹುಂಜದ್ದೇ ಬೇಕಂತೆ,
ಅಗೋ, ಮಾಡಿನ ಮೇಲೆ ನಿಂತಿದ್ದಾನಲ್ಲ, ಅವನದು.

ಇಲ್ಲ ಮಾಸ್ತರೇ.
ಕೊಡಲು ಮನಸ್ಸಿಲ್ಲ ಅಂತಲ್ಲ, ಕೊಟ್ಟರೆ ಸುಳ್ಳಾಗುತ್ತದೆ.
ಬಿಳಿಯ ಈ ಅಂಗಳಕ್ಕೆ ಬಂದು ಬರೀ ಒಂಬತ್ತು ದಿನ.
ಬುಟ್ಟಿಯಲ್ಲಿ ಇರುವುದರಲ್ಲಿ ಯಾವುದು ಇವನದು,
ಯಾವುದು ಕೆಂಚನದು, ನನಗೂ ಗೊತ್ತಿಲ್ಲ,
ಇಟ್ಟವಳಿಗೂ ಗೊತ್ತಿಲ್ಲ.

ಕೆಂಚ ಹೋಗಿ ಹದಿನಾಲ್ಕು ದಿನ.
ತಮ್ಮ ನನಗೆ ಹೇಳದೆ ಅವನನ್ನು ಕಂಕುಳಲ್ಲಿ ಅವುಚಿ
ಅಂಕಕ್ಕೆ ಒಯ್ದಿದ್ದ.
ಸಂಜೆ ಮರಳಿ ತಂದದ್ದು ಕಾಲಿಗೆ ಕಟ್ಟಿದ್ದ ದಾರ,
ಸೋತ ಹುಂಜ ಗೆದ್ದವನಿಗೆ ಎಂಬ ಒಂದು ಮಾತು.
ಎರಡು ದಿನ ನಾನು ಅವನಿಗೆ ಗಂಜಿ ಬಡಿಸಲಿಲ್ಲ.

ಹೇಂಟೆಗಳು ಮಾತ್ರ ಮರುದಿನವೂ ತತ್ತಿ ಇಟ್ಟವು.
ಹುಂಜವಿಲ್ಲದ ನಾಲ್ಕನೆಯ ದಿನದ್ದೊಂದನ್ನು
ಸುಮ್ಮನೆ, ನೋಡೋಣವೆಂದು, ಕಾವಿಗೆ ಇಟ್ಟೆ.
ಏಳನೆಯ ರಾತ್ರಿ ಮೊಬೈಲಿನ ಬೆಳಕಿಗೆ ಹಿಡಿದರೆ
ಒಳಗೆ ಜೇಡದ ಕಾಲಿನಂಥ ಕೆಂಪು ನರ,
ನಡುವೆ ಒಂದು ಚುಕ್ಕಿ, ಮಿಸುಕುತ್ತಿತ್ತು.
ಹೋದವನು ಹೋಗಿದ್ದಾನೆ,
ಹೋಗಿಲ್ಲ.

ಕೆಂಚ ಒಳ್ಳೆಯವನೇನಲ್ಲ.
ಹತ್ತು ಹೇಂಟೆಗೆ ಒಂದು ಹುಂಜ ಎನ್ನುವುದು ಲೆಕ್ಕ,
ನನ್ನಲ್ಲಿ ಆಗ ಇದ್ದದ್ದು ನಾಲ್ಕೇ.
ಗಿಡ್ಡಿಯ ಬೆನ್ನಲ್ಲಿ ಒಂದು ಗರಿ ಉಳಿಸಲಿಲ್ಲ ಅವನು.
ಹಳೇ ಕುಪ್ಪಸ ಕತ್ತರಿಸಿ ಅವಳಿಗೊಂದು ಅಂಗಿ ಹೊಲಿದೆ,
ಕೂರ್ವೆಯ ಹೆಂಗಸರೆಲ್ಲ ನೋಡಲು ಬಂದರು, ನಕ್ಕರು.
ಅವನ ಕಾಲಿನ ಮುಳ್ಳನ್ನು ಅರದಲ್ಲಿ ಉಜ್ಜಿ ಮೊಂಡು ಮಾಡಿದೆ,
(ಅಂಕದಲ್ಲಿ ಸೋತದ್ದು ಅದಕ್ಕೇ, ಎಂದ ತಮ್ಮ)
ಹುಳು ಸಿಕ್ಕರೆ ಕೊಕ್ ಕೊಕ್ ಎಂದು ಕರೆಯುತ್ತಿದ್ದ,
ಓಡಿ ಬಂದವರ ಎದುರೇ ತಾನು ನುಂಗುತ್ತಿದ್ದ.

ಬಿಳಿಯ ಹಾಗಲ್ಲ. ಕರೆದು, ಕೆಳಗಿಟ್ಟು, ಹಿಂದೆ ಸರಿಯುತ್ತಾನೆ.
ಈಗ ಹೇಂಟೆ ಎಂಟು. ಗಿಡ್ಡಿಗೆ ಪುಕ್ಕ ಮೊಳೆಯುತ್ತಿದೆ.
ನೀರಿಳಿದಾಗ ಹೊಳೆಯಲ್ಲಿ ಸೊಂಟಮಟ್ಟ ನಿಂತು
ಹೆಕ್ಕಿದ ಬೆಳಚಿನ ಚಿಪ್ಪು ಕುಟ್ಟಿ ಹಾಕುತ್ತೇನೆ,
ತತ್ತಿಯ ಸಿಪ್ಪೆ ಗಟ್ಟಿ ಬರುತ್ತದೆ.

ಕೆಂಚ ಹೋಗಿ ಮೂರು ವಾರ ತುಂಬಲಿ ಮಾಸ್ತರೇ.
ಆಮೇಲೆ ಇಟ್ಟದ್ದರ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆದು
ಚೂಪು ತುದಿ ಕೆಳಗೆ ಮಾಡಿ ಇಟ್ಟಿರುತ್ತೇನೆ.
ಒರೆಸಿ ಸಾಕು, ತೊಳೆಯಬೇಡಿ.
ಗುಡುಗಿಗೆ ಕಾವಿನಡಿ ಒಂದು ಕಬ್ಬಿಣದ ಮೊಳೆ,
ನಿಮಗೆ ನಂಬಿಕೆ ಇಲ್ಲದಿದ್ದರೂ.
ಇವತ್ತಿನವು ಪಲ್ಯಕ್ಕಾದರೆ ಒಯ್ಯಿರಿ,
ಬಾಣಲೆ ತಂದೆ ಯಾರೆಂದು ಕೇಳುವುದಿಲ್ಲ.

ಮಾಸ್ತರು ಆರು ಒಯ್ದರು.

ಬಿಳಿಯನನ್ನು ತಂದವನು ತಾರಿಯ ಬೀರ.
ಅಂಗಳದಲ್ಲಿ ಇಳಿಸಿದ, ದುಡ್ಡು ಬೇಡವೆಂದ,
ಚಾ ಮಾತ್ರ ಕುಡಿದ, ಹೊರಗೆ ನಿಂತೇ.
ತದಡಿಯ ಮನೆ ಬಿಟ್ಟು ಬಂದು ನನಗೆ ಎರಡು ವರ್ಷ.
ಗಾಳಿಗೆ ಬಾಗಿಲು ದಡಾರೆಂದರೆ
ಈಗಲೂ ಕೈಯ ತಟ್ಟೆ ಜಾರುತ್ತದೆ.
ಹೇಂಟೆಯ ಮೈಗೆ ಮೂರು ವಾರ ಸಾಕು,
ಅದರ ಲೆಕ್ಕ ಅಷ್ಟು ಸಣ್ಣದು.

ನಿನ್ನೆ ಸಂತೆಗೆ ದಾಟಿಸುವಾಗ
ಹುಟ್ಟು ನಿಲ್ಲಿಸಿ ಕೇಳಿದ: ಇನ್ನೂ ಎಷ್ಟು ದಿನ?
ಹುಂಜದ್ದೋ, ಎಂದೆ.
ಅವನು ನೀರಿನ ಕಡೆ ನೋಡಿದ.
ದೋಣಿ ಸ್ವಲ್ಪ ಹೊತ್ತು ತಾನೇ ಸಾಗಿತು, ಭರತದ ಮೇಲೆ.
ತೊಡೆಯ ಮೇಲಿನ ಬುಟ್ಟಿ ಅಲುಗದಂತೆ
ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.