ಹನ್ನೊಂದು ಕಡ್ಡಿ, ಒಂದು ಸರ್ತಿ

ಪೀಟರ್‌ಹೆಡ್ ಬಂದರಿನಲ್ಲಿ ಇಪ್ಪತ್ತೇಳು ವರ್ಷ
ಬೆಳಿಗ್ಗೆ ಏಳಕ್ಕೆ ನಾನು ಬಾಯಿ ತೆರೆದರೆ
ಹ್ಯಾಡಕ್ ಮೀನಿನ ಪೆಟ್ಟಿಗೆಗಳು ತಾವಾಗಿ ಕೈ ಬದಲಿಸುತ್ತಿದ್ದವು.
ಒಂದು ಉಸಿರಿಗೆ ಹದಿನಾಲ್ಕು ಸವಾಲು.
ಕೊಳ್ಳುವವನು ಹುಬ್ಬು ಇಳಿಸುವುದರೊಳಗೆ ನನ್ನ ನಾಲಿಗೆ
ಮುಂದಿನ ಪೆಟ್ಟಿಗೆಯ ಮೇಲೆ ಕೂತಿರುತ್ತಿತ್ತು.
ಅದೇ ನಾಲಿಗೆಯ ಬುಡದಲ್ಲಿ
ಬಟಾಣಿಯಷ್ಟು ಗಂಟು.

ವಿಕಿರಣಕ್ಕೆ ಮೂರು ವಾರ ಮೊದಲೇ
ನಾಲ್ಕು ದವಡೆಹಲ್ಲು ಕಿತ್ತರು,
ಆಮೇಲೆ ಕಿತ್ತರೆ ಮೂಳೆ ಮಾಯುವುದು ಕಷ್ಟವಂತೆ.
ಆಬರ್ಡೀನಿನ ಆಸ್ಪತ್ರೆಯಲ್ಲಿ ಇಷ್ಬೆಲ್ ಗೆಡ್ಡೆಸ್ ಎಂಬಾಕೆ,
ನುಂಗುವುದನ್ನು ಕಲಿಸುವುದೇ ಅವಳ ಕೆಲಸ
(ನಕ್ಕೆ, ಅರವತ್ತೊಂದರ ಗಂಡಸಿಗೆ ನುಂಗುವ ಪಾಠ!),
ಐಸ್‌ಕ್ರೀಮ್ ಕಡ್ಡಿಯಂಥವನ್ನು ಒಂದರ ಮೇಲೊಂದು ಪೇರಿಸಿ
ಹಲ್ಲುಗಳ ನಡುವೆ ತೂರಿಸಿ ಎಣಿಸಿದಳು.
ಇಪ್ಪತ್ತೊಂದು.
ಹಾಳೆಯಲ್ಲಿ ಬರೆದು ಕೆಳಗೊಂದು ಗೆರೆ ಎಳೆದು ಅಂದಳು:
"ಇದು ನಿಮ್ಮ ಬೆಲೆ, ಸ್ಟ್ರಾಖನ್. ಇಳಿಯಲು ಬಿಡಬೇಡಿ."

ಎಂಥ ಮಾತು, ಅದೂ ಹರಾಜಿನವನಿಗೆ.

ಆಮೇಲೆ ಮುಖವಾಡ.
ಬಿಸಿನೀರಲ್ಲಿ ಮೆತ್ತಗಾದ ಬಲೆಯೊಂದನ್ನು
ಮುಖದ ಮೇಲೆಳೆದು ಮೇಜಿಗೆ ಬಿಗಿದರು.
ಬಲೆಯೊಳಗಿಂದ ನೋಡಿದರೆ ಹೇಗಿರುತ್ತದೆಂದು
ಈ ಊರಲ್ಲಿ ಯಾರೂ ಮೀನನ್ನು ಕೇಳಿದ್ದಿಲ್ಲ.
ಮೂವತ್ತು ದಿನ, ಶನಿವಾರ ಭಾನುವಾರ ರಜೆ.
ನೋವಾಗಲಿಲ್ಲ. ಅದೇ ಮೋಸ.

ಮೂರನೇ ವಾರ ಚಹಾಕ್ಕೆ ತಗಡಿನ ರುಚಿ.
ನಾಲ್ಕನೇ ವಾರ ಆ ತಗಡೂ ಇಲ್ಲ.
ಉಗುಳು ಅಂಟಾಯಿತು, ದಾರವಾಯಿತು, ಕೊನೆಗೆ ಬತ್ತಿತು,
ಉಗುಳು ನುಂಗಿಕೊಂಡು ಸುಮ್ಮನಿದ್ದೆ ಎನ್ನುವವರ ಮೇಲೆ
ಹೊಟ್ಟೆಕಿಚ್ಚಾಗುವಷ್ಟು.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದು
ನನಗೆ ಗಾದೆಯಲ್ಲ, ಮಧ್ಯಾಹ್ನದ ಒಂದು ಗಂಟೆ.

ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು.
ಅಬ್ಬ, ಇನ್ನು ಬಾಯಿಗೂ ರಜೆ ಅಂದುಕೊಂಡೆ.
"ಆದರೂ ನುಂಗಿ," ಅಂದಳು ಇಷ್ಬೆಲ್,
"ಚಮಚದಷ್ಟು ನೀರಾದರೂ. ನಡೆಯದ ದಾರಿಯಲ್ಲಿ
ಹುಲ್ಲು ಬೆಳೆಯುತ್ತದೆ."
ಬಂದರಿನ ಭಾಷೆಯಲ್ಲಿ ಬೈದೆ.
ಅವಳು ಬರೆದುಕೊಂಡಳು: ಉಚ್ಚಾರ ಸ್ಪಷ್ಟ.

ದಿನಕ್ಕೆ ಐದು ಸಲ.
ನೋವಿನ ಔಷಧಿ ಕುಡಿದು ಅರ್ಧ ಗಂಟೆ ಕಾಯಬೇಕು.
ಸೋಡಾ, ಉಪ್ಪು ಬೆರೆಸಿದ ನೀರಲ್ಲಿ ಮುಕ್ಕಳಿಸಬೇಕು.
ನಾಲಿಗೆಯ ತುದಿಯನ್ನು ಹಲ್ಲಲ್ಲಿ ಹಿಡಿದು ಬರಿದೇ ನುಂಗಬೇಕು.
ಗಂಟಲ ಗುಳ್ಳೆ ಮೇಲೇರಿದಾಗ ಅದನ್ನಲ್ಲೇ ತಡೆದು
ಎರಡು ಎಣಿಸಿ ಬಿಡಬೇಕು,
ಎತ್ತಿದ ಪೆಟ್ಟಿಗೆಯನ್ನು ಎದೆಮಟ್ಟದಲ್ಲಿ ಹಿಡಿದು ನಿಂತ ಹಾಗೆ.
ಆಮೇಲೆ ಕಡ್ಡಿ.

ಇದನ್ನು ನೋಡಲು ಯಾರೂ ಬರುವುದಿಲ್ಲ.
ಸ್ನಾನದಮನೆಯ ಕನ್ನಡಿ, ಸೀಳಿದ ತುಟಿ,
ಕತ್ತಿನಲ್ಲಿ ಬೆಂದ ಚರ್ಮದ ಕೆಂಪು ಪಟ್ಟಿ.
ಬಾಗಿಲಾಚೆ ಎಫಿ ನಿಂತು ನನ್ನ ಪರವಾಗಿ ಎಣಿಸುತ್ತಾಳೆ.
ಸದಾ ಒಂದು ಹೆಚ್ಚೇ ಹೇಳುತ್ತಾಳೆ.
ಗೋಡೆಯ ಕಡೆಯಿಂದ ಬರುವ ಸುಳ್ಳು ಸವಾಲು ಹೇಗಿರುತ್ತದೆ,
ನನಗೆ ಗೊತ್ತಿಲ್ಲವೇ.

ಹತ್ತೊಂಬತ್ತು. ಹದಿನಾರು. ಹದಿಮೂರು.
ಬೆಲೆ ಇಳಿಯುತ್ತಲೇ ಇತ್ತು, ಹಿಡಿದರೂ.
"ಹಿಡಿಯದಿದ್ದರೆ ಆರಕ್ಕೆ ಬರುತ್ತಿತ್ತು," ಅಂದಳು ಇಷ್ಬೆಲ್.
ನಂಬಿದೆ. ನಂಬದೆ ಏನು ಮಾಡಲಿ.

ಕೊನೆಯ ಕಿರಣ ಮುಗಿದು ಇವತ್ತಿಗೆ ಒಂಬತ್ತನೇ ದಿನ.
ಮಾರುಕಟ್ಟೆಯಲ್ಲಿ ನನ್ನ ಜಾಗದಲ್ಲಿ ಹುಡುಗನೊಬ್ಬ ಕೂಗುತ್ತಿದ್ದಾನಂತೆ,
ನಿಧಾನವಂತೆ, ಕಡಲಹಕ್ಕಿಗಳೇ ಅವನಿಗಿಂತ ಮುಂದಂತೆ.
ಬೆಳಿಗ್ಗೆ ಅರ್ಧ ಮೊಟ್ಟೆ, ಮೆತ್ತಗೆ ಬೇಯಿಸಿದ್ದು,
ನಲವತ್ತು ನಿಮಿಷದಲ್ಲಿ ಒಳಗೆ ಹೋಯಿತು.
ಎಫಿ ತಟ್ಟೆ ತೊಳೆಯಲು ಬಹಳ ಹೊತ್ತು ತೆಗೆದುಕೊಂಡಳು.

ಈಗ ಕಡ್ಡಿಯ ಹೊತ್ತು.
ಹನ್ನೊಂದು, ಒಂದು ಸರ್ತಿ.
ಹನ್ನೊಂದು, ಎರಡು ಸರ್ತಿ.
ದವಡೆ ನಡುಗುತ್ತಿದೆ, ಕಣ್ಣಲ್ಲಿ ನೀರು,
ಬಾಯಲ್ಲಿ ಬರಬೇಕಿದ್ದ ನೀರೆಲ್ಲ ಅಲ್ಲೇ.
"ಹನ್ನೆರಡು!" ಬಾಗಿಲಾಚೆಯಿಂದ.

ಇಂಥ ಸವಾಲನ್ನು
ನಾನೆಂದೂ ತಳ್ಳಿಹಾಕಿದವನಲ್ಲ.